ಅರಿಜೋನಾ ಮರುಭೂಮಿಗೆ ಹೊರಟಿದ್ದೀರಾ? ಮೊದಲು ಗಡಿಯಾರ ನೋಡಿಕೊಳ್ಳಿ

ಮೇ ತಿಂಗಳಲ್ಲಿ ಅಪ್ಪ ಅಮ್ಮ ಊರಿಂದ ಬಂದಿದ್ದಾಗ ಫೀನಿಕ್ಸ್‌ನಿಂದ ಕಾರಲ್ಲಿ ಐದು ದಿನ ಉತ್ತರ ಅರಿಜೋನಾ ಸುತ್ತಿದೆವು. ಗ್ರ್ಯಾಂಡ್ ಕ್ಯಾನ್ಯನ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ಅದು ಬೇಡ. ಅಲ್ಲಿಂದ ಪೂರ್ವಕ್ಕೆ ಹೋಗುವವರಿಗೆ ಇದು.

ನ್ಯಾಷನಲ್ ಪಾರ್ಕ್‌ಗಳ ವರ್ಷದ ಪಾಸ್ ಇದೆ, ಸಾಕು ಅಂದುಕೊಳ್ಳಬೇಡಿ. ಮಾನ್ಯುಮೆಂಟ್ ವ್ಯಾಲಿಯಲ್ಲಿ ಅದು ನಡೆಯಲ್ಲ. ಅದು ನವಾಹೋ ಎಂಬ ಮೂಲನಿವಾಸಿ ಜನರ ಜಾಗ, ಟಿಕೆಟ್ ಬೇರೆ. ಒಳಗಿನ 17 ಮೈಲಿ ಮಣ್ಣಿನ ರಸ್ತೆಗೆ ಇಳಿಯುವ ಮುಂಚೆ ಬಾಡಿಗೆ ಕಾರಿನ ಕರಾರು ಓದಿ. ಆಂಟಲೋಪ್ ಕ್ಯಾನ್ಯನ್‌ಗಂತೂ ನವಾಹೋ ಗೈಡ್ ಇಲ್ಲದೆ ಬಿಡೋದೇ ಇಲ್ಲ.

ನಾವು ಎಡವಿದ್ದು ಟೈಮಲ್ಲಿ. ಬೇಸಿಗೆಯಲ್ಲಿ ಅಮೆರಿಕದ ಬಹುತೇಕ ಕಡೆ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ. ಅರಿಜೋನಾ ಇಡಲ್ಲ, ನವಾಹೋ ಜನರ ಸ್ವಂತ ಆಡಳಿತದ ಪ್ರದೇಶವಾದ ನವಾಹೋ ನೇಷನ್ ಇಡುತ್ತದೆ, ಅದರ ಹೊಟ್ಟೆಯೊಳಗೇ ಇರುವ ಹೋಪಿ ಎಂಬ ಇನ್ನೊಂದು ಮೂಲನಿವಾಸಿ ಜನರ ಜಾಗ ಮತ್ತೆ ಇಡಲ್ಲ! ಹೋಪಿ ಕಡೆ ಸೆಕೆಂಡ್ ಮೆಸಾದಲ್ಲಿ ಉಳಿದು, ಬೆಳಗ್ಗೆ ಏಳಕ್ಕೆ ಹೊರಟು, ಎಂಟೂವರೆಗೆಲ್ಲ ನವಾಹೋ ಕಡೆಯ ಚಿನ್ಲಿ ಊರು ತಲುಪಿ, ಒಂಬತ್ತರ ಜೀಪಿಗೆ ಇನ್ನೂ ಅರ್ಧ ಗಂಟೆ ಇದೆ ಅಂತ ಅಮ್ಮ ಆರಾಮಾಗಿ ಚಕ್ಕುಲಿ ಡಬ್ಬಿ ಬಿಚ್ಚಿದರು. ಅಲ್ಲಿ ಆಗಲೇ ಒಂಬತ್ತೂವರೆ. ತಪ್ಪು ನಮ್ಮದೇ. ಗೈಡ್ ನಕ್ಕು ಮಧ್ಯಾಹ್ನದ ಜೀಪಿಗೆ ಹತ್ತಿಸಿಕೊಂಡರು.

ಆ ಜೀಪು ಹೋಗೋದು ಚಿನ್ಲಿ ಪಕ್ಕದ ಕ್ಯಾನ್ಯನ್ ಡಿ ಶೇ ಎಂಬ ಕಣಿವೆಗೆ. ಮೇಲಿನಿಂದ ಸುಮ್ನೆ ನೋಡಿ ಬರಬಹುದು, ಆದರೆ ದಯವಿಟ್ಟು ಕೆಳಗಿಳಿಯಿರಿ. ಅಲ್ಲಿ ಈಗಲೂ ನವಾಹೋ ಕುಟುಂಬಗಳು ಬೇಸಾಯ ಮಾಡುತ್ತವೆ. ಜೀಪು ಮರಳಲ್ಲಿ ಕುಲುಕುತ್ತಾ ಹೋಗುವಾಗ ಗೈಡ್ ಒಂದು ಕಡೆ ನಿಲ್ಲಿಸಿ ಪೀಚ್ ಮರಗಳ ಕಥೆ ಹೇಳಿದರು. 1864ರಲ್ಲಿ ಅಮೆರಿಕದ ಸೈನ್ಯ ಇಲ್ಲಿನ ಪೀಚ್ ತೋಟಗಳನ್ನು ಕಡಿದು ಹಾಕಿತು, ಜನರನ್ನು ನೂರಾರು ಮೈಲಿ ನಡೆಸಿಕೊಂಡು ಹೋಯಿತು. 1868ರ ಒಪ್ಪಂದ ಆದ ಮೇಲೆ ವಾಪಸ್ ಬಂದರು, ಮತ್ತೆ ಗಿಡ ನೆಟ್ಟರು. ತೋಟ ಇಟ್ಟುಕೊಂಡಿರುವ ಅಪ್ಪ ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಹೋಪಿ ಹಳ್ಳಿಗಳಲ್ಲಿ ಫೋಟೋ ತೆಗೆಯುವಂತಿಲ್ಲ, ಚಿತ್ರ ಬರೆಯುವಂತೆಯೂ ಇಲ್ಲ. ಫೋನ್ ಕಾರಲ್ಲೇ ಬಿಡಿ, ಕೈ ಸುಮ್ಮನಿರಲ್ಲ ಅಲ್ವಾ. ನವಾಹೋ ಜಾಗಕ್ಕೆ ಮದ್ಯ ಒಯ್ಯುವ ಹಾಗಿಲ್ಲ. ಪೆಟ್ರೋಲ್ ಬಂಕ್ ಕಂಡಲ್ಲೆಲ್ಲ ತುಂಬಿಸಿ, ನೀರು ಜಾಸ್ತಿಯೇ ಇರಲಿ. ಊಟಕ್ಕೆ ಸಸ್ಯಾಹಾರಿಗಳಿಗೆ ಸ್ವಲ್ಪ ಕಷ್ಟ. ಆದರೆ ನೀಲಿ ಜೋಳದ ಗಂಜಿ ಸಿಕ್ಕರೆ ಬಿಡಬೇಡಿ, ನೋಡಲು ಥೇಟ್ ರಾಗಿ ಅಂಬಲಿ.

ಮೂಲನಿವಾಸಿಗಳ ಕಲೆ, ಬದುಕು ತೋರಿಸುವ ಫೀನಿಕ್ಸ್‌ನ ಹರ್ಡ್ ಮ್ಯೂಸಿಯಂ ಕೊನೆಗೆ ಇಟ್ಟುಕೊಳ್ಳಿ. ಆ ಜನರನ್ನು ನೋಡಿ ಬಂದ ಮೇಲೆ, ಅವರ ಮಕ್ಕಳನ್ನು ಬೋರ್ಡಿಂಗ್ ಶಾಲೆಗಳಿಗೆ ಎಳೆದೊಯ್ದ ಕಥೆ ಅಲ್ಲಿ ಬೇರೆಯದೇ ಥರ ತಟ್ಟುತ್ತದೆ.

ಫೀನಿಕ್ಸ್‌ಗೆ ವಾಪಸ್ ಬರುವ ದಾರಿಯಲ್ಲೇ ಪೆಟ್ರಿಫೈಡ್ ಫಾರೆಸ್ಟ್ ನ್ಯಾಷನಲ್ ಪಾರ್ಕ್. ಕಲ್ಲಾದ ಮರದ ಒಂದು ಚೂರು ಎತ್ತಿಕೊಂಡರೂ ಅಪರಾಧ. ಕದ್ದವರು ಕ್ಷಮೆ ಕೇಳಿ ಬರೆದ ಪತ್ರಗಳನ್ನು ಅಲ್ಲಿನ ಮ್ಯೂಸಿಯಂನಲ್ಲೇ ಇಟ್ಟಿದ್ದಾರೆ, ಈ ಕಲ್ಲು ಮನೆಗೆ ತಂದಾಗಿನಿಂದ ಬರೀ ಗ್ರಹಚಾರ ಅನ್ನುವ ಥರದವು. ವಾಪಸ್ ಬಂದ ಕಲ್ಲುಗಳು ಎಲ್ಲಿಯವು ಅಂತ ಗೊತ್ತಾಗದೆ ಒಂದು ಕಡೆ ರಾಶಿ ಬಿದ್ದಿವೆ. ಅದನ್ನೆಲ್ಲ ಓದಿದ ಅಪ್ಪ ಕಾರು ಹತ್ತುವ ಮುಂಚೆ ಎರಡೂ ಚಪ್ಪಲಿ ಕಳಚಿ ಚೆನ್ನಾಗಿ ಕೊಡವಿಕೊಂಡರು.