ಅಮ್ಮನಿಗೆ ಕೀಮೋ ಶುರುವಾಗಿದೆ
ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧ ನರಕ್ಕೆ ಇಳಿಯುವುದನ್ನು ಅಮ್ಮ ನೋಡುತ್ತಲೇ ಇದ್ದರು. ಆಮೇಲೆ ಮೂತ್ರ ಕೆಂಪಗಾದಾಗ ನಾವು ಹೆದರಲಿಲ್ಲ. ಅದು ರಕ್ತವಲ್ಲ, ಔಷಧದ ಬಣ್ಣ ಎಂದು ನರ್ಸ್ ಮೊದಲೇ ತಿಳಿಸಿದ್ದರು. ಈಗ ಬಾಯೆಲ್ಲ ಕಬ್ಬಿಣದ ರುಚಿಯಂತೆ, ಸ್ಟೀಲ್ ಲೋಟ ಬೇಡವಂತೆ. ಒಗ್ಗರಣೆಯ ವಾಸನೆಗೇ ವಾಕರಿಕೆ. ತಣಿದ ಗಂಜಿ ಮಾತ್ರ ಸೇರುತ್ತಿದೆ.

ನೆಂಟರೇ, ಸದ್ಯಕ್ಕೆ ನೋಡಲು ಬರಬೇಡಿ, ಫೋನ್ ಮಾಡಿ. ಔಷಧ ಕೊಟ್ಟ 7ರಿಂದ 14 ದಿನಗಳ ನಡುವೆ ಬಿಳಿ ರಕ್ತಕಣಗಳು ತೀರಾ ಇಳಿಯುತ್ತವೆ, ಆಗ ಸೋಂಕು ಬೇಗ ತಗಲುತ್ತದೆ. ಜ್ವರ 100.4 ಡಿಗ್ರಿ ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು. ಹಣ್ಣು ಹಿಡಿದು ಮನೆ ತುಂಬ ಬರುವುದೇ ನಮ್ಮಲ್ಲಿ ಪ್ರೀತಿ. ಬರಬೇಡಿ ಎನ್ನಲು ನನಗೂ ಸಂಕಟವಾಗುತ್ತದೆ. ಕೂದಲಿನ ಮಾತನ್ನು ಅವರ ಮುಂದೆ ಎತ್ತಬೇಡಿ. ಜಡೆ ಯಾವಾಗ ಕತ್ತರಿಸಬೇಕೆಂದು ಅವರೇ ಹೇಳುತ್ತಾರೆ.