ಹಾಪರ್ ಆರಿಸುವ ಮುನ್ನ ಸರಕು ಯಾವುದೆಂದು ಕೇಳಿ

ಮಾದರಿ ರೈಲು ಓಡುವ ಪುಟ್ಟ ಹಳಿಗಳ ಲೇಔಟ್ ಕಟ್ಟಿಕೊಡುವ ಕಾರ್ಯಾಗಾರದಲ್ಲಿ ಸರಕು ವ್ಯಾಗನ್‌ಗಳನ್ನು ಆರಿಸುವುದು ನನ್ನ ಪಾಲಿನ ಕೆಲಸ. ನಮ್ಮಲ್ಲಿಗೆ ಬರುವ ಬೇಡಿಕೆಗಳಲ್ಲಿ ಹೆಚ್ಚಿನವು ಅಮೆರಿಕದ ರೈಲುಮಾರ್ಗಗಳ ಮಾದರಿಗಳು. ಎಂಜಿನ್ ಯಾವುದು ಬೇಕೆಂಬುದನ್ನು ಗಿರಾಕಿಗಳು ಮೊದಲೇ ನಿರ್ಧರಿಸಿಕೊಂಡು ಬಂದಿರುತ್ತಾರೆ. ಹಾಪರ್‌ಗಳ ವಿಷಯಕ್ಕೆ ಬಂದಾಗ ಮಾತ್ರ, "ಬಣ್ಣ ಚೆನ್ನಾಗಿರುವುದನ್ನು ನೀವೇ ನೋಡಿ ಹಾಕಿಬಿಡಿ" ಎನ್ನುತ್ತಾರೆ. ಆಗ ನಾನು ಕೇಳುವುದು ಒಂದೇ ಮಾತು: ಇದರಲ್ಲಿ ಏನು ತುಂಬುತ್ತೀರಿ, ಅದನ್ನು ಎಲ್ಲಿ ಇಳಿಸುತ್ತೀರಿ?

ಹಾಪರ್ ಎಂದರೆ ತಳ ಇಳಿಜಾರಾಗಿರುವ, ಕೆಳಗಿನ ಬಾಗಿಲು ತೆರೆದರೆ ಸರಕು ತಾನಾಗಿಯೇ ಜಾರಿ ಬೀಳುವ ವ್ಯಾಗನ್. ಅದರ ಅಳತೆ, ಎತ್ತರ, ಬಾಗಿಲುಗಳ ಸಂಖ್ಯೆ ಎಲ್ಲವನ್ನೂ ನಿರ್ಧರಿಸುವುದು ಒಳಗೆ ಬೀಳುವ ಸರಕಿನ ಸಾಂದ್ರತೆ. ಕಲ್ಲಿದ್ದಲು ಘನ ಮೀಟರಿಗೆ ಸುಮಾರು 0.8 ಟನ್ ತೂಗುತ್ತದೆ. ಕಬ್ಬಿಣದ ಅದಿರು ಎರಡು ಟನ್ನಿಗೂ ಹೆಚ್ಚು. ಹೀಗಾಗಿ ಕಲ್ಲಿದ್ದಲಿನ ಹಾಪರಿಗೆ ಅದಿರು ತುಂಬಿದರೆ ಅರ್ಧ ತುಂಬುವ ಮೊದಲೇ ಗಾಲಿಗಳ ತಾಳಿಕೆ ಮುಗಿದಿರುತ್ತದೆ. ಗ್ರೇಟ್ ಲೇಕ್ಸ್ ಸೀಮೆಯ ಅದಿರು ವ್ಯಾಗನ್‌ಗಳು ಕೇವಲ 24 ಅಡಿ ಉದ್ದ ಇರುವುದಕ್ಕೆ ಇದೊಂದು ಕಾರಣ. ಇನ್ನೊಂದು ಕಾರಣ ಹಡಗುಕಟ್ಟೆಯದು: ಅಲ್ಲಿ ಅದಿರು ಸುರಿಯುವ ಗೂಡುಗಳು 12 ಅಡಿಗೊಂದರಂತೆ ಇದ್ದವು, ವ್ಯಾಗನ್ನಿನ ಉದ್ದ ಆ ಲೆಕ್ಕಕ್ಕೆ ಸರಿಯಾಗಿ ಕೂಡಬೇಕಿತ್ತು. ಮುಂದೆ ಟ್ಯಾಕನೈಟ್ ಎಂಬ ಬಡ ಅದಿರನ್ನು ಪುಡಿಮಾಡಿ ಕಟ್ಟಿದ ಉಂಡೆಗಳು ಬಂದವು. ಅವು ಹಳೆಯ ಅದಿರಿಗಿಂತ ಹಗುರ. ಡುಲುತ್, ಮಿಸಾಬೆ ಅಂಡ್ ಐರನ್ ರೇಂಜ್ ರೈಲ್ವೆ ಅದೇ ವ್ಯಾಗನ್‌ಗಳ ಮೇಲಂಚಿಗೆ ತಗಡಿನ ಪಟ್ಟಿ ಏರಿಸಿ ಗೋಡೆಯನ್ನು ಎತ್ತರಿಸಿತು. ಅಂಗೈಯಲ್ಲಿ ಹಿಡಿಯುವ ಮಾದರಿಯಲ್ಲಿ ಆ ಪಟ್ಟಿ ಇದೆಯೋ ಇಲ್ಲವೋ ನೋಡಿದರೆ ಸಾಕು, ಅದು ಯಾವ ಕಾಲದ, ಯಾವ ಅದಿರಿನ ವ್ಯಾಗನ್ ಎಂದು ಹೇಳಬಹುದು. ನನ್ನ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಕ್ಷಣಗಳು ಇವೇ.

ಮುಚ್ಚಿದ ಹಾಪರ್‌ಗಳಲ್ಲೂ ಇದೇ ಲೆಕ್ಕ. ಸಿಮೆಂಟ್ ಭಾರದ ಪುಡಿ, ಅದಕ್ಕೆ ಗಿಡ್ಡ ವ್ಯಾಗನ್ ಸಾಕು. ಪುಲ್‌ಮನ್ ಸ್ಟ್ಯಾಂಡರ್ಡ್ ಕಂಪನಿಯ ಪಿಎಸ್-2 ಮಾದರಿಯ ಸಿಮೆಂಟ್ ಹಾಪರಿನ ಗಾತ್ರ 2,003 ಘನ ಅಡಿ. ಧಾನ್ಯ ಹಗುರ, ಅದಕ್ಕೆ 4,750 ಘನ ಅಡಿಯ ಉದ್ದನೆಯ ವ್ಯಾಗನ್. ಪ್ಲಾಸ್ಟಿಕ್ ಹರಳುಗಳಿಗೆ ಅದಕ್ಕಿಂತಲೂ ದೊಡ್ಡದು. ಮೇಲಿನಿಂದ ನೋಡಿದರೂ ಗುರುತು ಸಿಗುತ್ತದೆ: ಧಾನ್ಯದ ಹಾಪರಿಗೆ ಚಾವಣಿಯ ನಡುವೆ ಉದ್ದಕ್ಕೂ ತೊಟ್ಟಿಯಂಥ ಬಾಯಿ, ಪ್ಲಾಸ್ಟಿಕ್‌ನದಕ್ಕೆ ಸಾಲಾಗಿ ದುಂಡನೆಯ ಮುಚ್ಚಳಗಳು. ಮಗುಚಿ ನೋಡಿದರೆ ಧಾನ್ಯದ್ದರಲ್ಲಿ ಎಳೆದು ತೆರೆಯುವ ಬಾಗಿಲುಗಳು, ಪ್ಲಾಸ್ಟಿಕ್‌ನದ್ದರಲ್ಲಿ ಗಾಳಿಯಿಂದ ಹೀರಿಕೊಳ್ಳುವ ಕೊಳವೆಗಳು. ಲೇಔಟಿನ ಸಿಮೆಂಟ್ ಕಾರ್ಖಾನೆಯ ಮುಂದೆ ಪ್ಲಾಸ್ಟಿಕ್ ಹಾಪರ್ ನಿಂತರೆ ಎಷ್ಟೇ ಅಂದವಾದ ಬಣ್ಣವಿದ್ದರೂ ನನ್ನ ಕಣ್ಣಿಗೆ ಅದು ದಾರಿ ತಪ್ಪಿ ಬಂದ ವ್ಯಾಗನ್ನೇ.

ಸರಕಿನ ನಂತರ ಇಸವಿ. 1950ರ ಲೇಔಟ್ ಬೇಕೆಂದು ಕೇಳಿದವರೇ ಧಾನ್ಯದ ಕಣಜದ ಪಕ್ಕಕ್ಕೆ ಉದ್ದನೆಯ ಹಾಪರ್‌ಗಳನ್ನೂ ಕೇಳುತ್ತಾರೆ. ಆ ಕಾಲದಲ್ಲಿ ಗೋಧಿ, ಜೋಳ ಸಾಗುತ್ತಿದ್ದದ್ದು ಪಕ್ಕದಲ್ಲಿ ಬಾಗಿಲಿರುವ ಮುಚ್ಚಿದ ಪೆಟ್ಟಿಗೆಯಂಥ 40 ಅಡಿಯ ಬಾಕ್ಸ್ ಕಾರ್‌ಗಳಲ್ಲಿ, ಬಾಗಿಲಿಗೆ ಒಳಗಿನಿಂದ ಅಡ್ಡಹಲಗೆ ಕಟ್ಟಿಕೊಂಡು. ಸದರ್ನ್ ರೈಲ್ವೆಯ 'ಬಿಗ್ ಜಾನ್' ಅಲ್ಯೂಮಿನಿಯಂ ಹಾಪರ್‌ಗಳು ಬಂದದ್ದೇ 1960ರ ದಶಕದ ಆರಂಭದಲ್ಲಿ. ಎಸಿಎಫ್ ಕಂಪನಿಯ ದುಂಡು ಮೈಯ ಸೆಂಟರ್ ಫ್ಲೋ ಹಾಪರ್ ಕೂಡ ಅದೇ ದಶಕದ್ದು. ಕಲ್ಲಿದ್ದಲಿನ ಕಡೆ ಆಯ್ಕೆ ಸುಲಭ: ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರ ರೈಲುಗಳನ್ನು ವಹಿಸಿಕೊಂಡಾಗ ಸಿದ್ಧವಾದ, 55 ಟನ್ ಸರಕು ಹೊರುವ ಯುಎಸ್‌ಆರ್‌ಎ (ಆ ಸರ್ಕಾರಿ ರೈಲು ಆಡಳಿತದ ಹೆಸರು) ಹಾಪರ್ ಹಲವು ದಶಕ ಓಡಿತು. ಉಗಿ ಎಂಜಿನ್ನಿನ ಹಿಂದೆ ಕಣ್ಣುಮುಚ್ಚಿ ಹಾಕಬಹುದಾದ ವ್ಯಾಗನ್ ಅದು.

ಇಸವಿ ಪತ್ತೆಗೆ ಭೂತಗನ್ನಡಿ ಹಿಡಿದು ವ್ಯಾಗನ್ನಿನ ಪಕ್ಕೆಯನ್ನು ಓದಬೇಕು. ಬಲ ತುದಿಯ ಕಡೆ ಚಿಕ್ಕ ಅಕ್ಷರಗಳಲ್ಲಿ 'ಬಿಎಲ್‌ಟಿ' (ಬಿಲ್ಟ್, ಅಂದರೆ ಕಟ್ಟಿದ್ದು) ಎಂದು ಬರೆದು ಪಕ್ಕದಲ್ಲಿ ತಿಂಗಳು, ವರ್ಷ ಕೊಟ್ಟಿರುತ್ತಾರೆ. ಅದು ವ್ಯಾಗನ್ ಹುಟ್ಟಿದ ದಿನಾಂಕ. ಬಣ್ಣಬಣ್ಣದ ಅಡ್ಡಗೆರೆಗಳ ಪುಟ್ಟ ಪಟ್ಟಿ ಅಂಟಿಸಿದ್ದರೆ ಅದು 1960ರ ದಶಕದ ಕೊನೆಗೆ ಬಂದು 1970ರ ದಶಕದ ಕೊನೆಯ ಹೊತ್ತಿಗೆ ಕೈಬಿಟ್ಟ ಗುರುತಿನ ವ್ಯವಸ್ಥೆಯದು. ಹಳೆಯ ವ್ಯಾಗನ್ ಮೇಲೆ ಆ ಪಟ್ಟಿ ಇರಬಹುದು, 1955ರ ಲೇಔಟಿನಲ್ಲಿ ಇರಬಾರದು. ಗಾಲಿಗಳನ್ನೂ ಅಳೆಯುತ್ತೇನೆ. 70 ಟನ್ನಿನವರೆಗಿನ ವ್ಯಾಗನ್‌ಗಳಿಗೆ 33 ಅಂಗುಲದ ಗಾಲಿ, 100 ಟನ್ನಿನದಕ್ಕೆ 36 ಅಂಗುಲ. 1:87ರ ಎಚ್‌ಓ ಪ್ರಮಾಣದಲ್ಲಿ ಇವೆರಡರ ಅಂತರ ಒಂದು ಮಿಲಿಮೀಟರೂ ಇಲ್ಲ. ಆದರೂ ದೊಡ್ಡ ಧಾನ್ಯದ ಹಾಪರಿಗೆ ಚಿಕ್ಕ ಗಾಲಿ ಹಾಕಿದ ಅಗ್ಗದ ಮಾದರಿ, ಸರಿಯಾದದ್ದರ ಪಕ್ಕದಲ್ಲಿ ನಿಂತ ಕೂಡಲೇ ಕುಗ್ಗಿದಂತೆ ಕಾಣುತ್ತದೆ.

ಈಗ ನನ್ನ ಕೆಲಸದ ಅತ್ಯಂತ ತ್ರಾಸದ ಭಾಗ, ತೂಕ. ನೋಟ ಎಷ್ಟೇ ಸರಿಯಿದ್ದರೂ ಹಗುರವಾದ ಹಾಪರ್ ಹಳಿಯ ಮೇಲೆ ನಿಲ್ಲುವುದಿಲ್ಲ. ಎನ್‌ಎಂಆರ್‌ಎ ಎಂಬ ಹವ್ಯಾಸಿಗಳ ಸಂಘ ಎಚ್‌ಓ ಪ್ರಮಾಣಕ್ಕೆ ಶಿಫಾರಸು ಮಾಡಿರುವ ಲೆಕ್ಕ ಹೀಗಿದೆ: ಮೂಲ ತೂಕ ಒಂದು ಔನ್ಸ್, ಅದರ ಮೇಲೆ ಉದ್ದದ ಪ್ರತಿ ಅಂಗುಲಕ್ಕೆ ಅರ್ಧ ಔನ್ಸ್. ನಾಲ್ಕೂವರೆ ಅಂಗುಲದ ಹಾಪರ್ ಎಂದರೆ ಸುಮಾರು 90 ಗ್ರಾಂ ಇರಬೇಕು. ಬಾಕ್ಸ್ ಕಾರ್ ಆದರೆ ಒಳಗೆ ಉಕ್ಕಿನ ತುಂಡೊಂದನ್ನು ಅಂಟಿಸಿ ಚಾವಣಿ ಮುಚ್ಚಿದರೆ ಆಯಿತು. ತೆರೆದ ಹಾಪರಿನಲ್ಲಿ ಬಚ್ಚಿಡಲು ಜಾಗವೇ ಇಲ್ಲ. ಮೇಲಿನಿಂದ ಇಣುಕಿದರೆ ಒಳಗೆಲ್ಲ ಬಟ್ಟಬಯಲು. ಉಳಿಯುವುದು ಮೂರೇ ಜಾಗ: ಎರಡೂ ತುದಿಯ ಇಳಿಜಾರು ತಗಡಿನ ಕೆಳಮೈ, ನಡುವಿನ ಉದ್ದ ತೊಲೆಯ ಒಳಟೊಳ್ಳು, ಮತ್ತು ಬಾಗಿಲುಗಳ ನಡುವಿನ ಸಂದು. ಅಲ್ಲಿ ತುಂಬಲು ನಾನು ಟಂಗ್‌ಸ್ಟನ್ ಬಳಸುತ್ತೇನೆ. ಅದರ ಸಾಂದ್ರತೆ ಸೀಸದ್ದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು, ಸೀಸದ ವಿಷದ ಭಯವೂ ಇಲ್ಲ. ಬೆಲೆ ಹೆಚ್ಚು, ನಿಜ. ಆದರೂ ಇಷ್ಟು ಕಿರಿದಾದ ಜಾಗದಲ್ಲಿ ಬೇರೆ ಯಾವುದೂ ಅಷ್ಟು ತೂಕ ಕೊಡುವುದಿಲ್ಲ. ಇಳಿಜಾರು ತಗಡು ಅಥವಾ ತಳದ ಚೌಕಟ್ಟನ್ನೇ ಲೋಹದಲ್ಲಿ ಎರಕ ಹೊಯ್ದ ಮಾದರಿ ಸಿಕ್ಕರೆ ನಾನು ಬೇರೇನನ್ನೂ ನೋಡದೆ ಅದನ್ನೇ ಆರಿಸುತ್ತೇನೆ.

ತೂಕ ಏಕೆ ಇಷ್ಟು ಮುಖ್ಯ ಎಂಬುದು ತಿರುವಿನಲ್ಲಿ ಗೊತ್ತಾಗುತ್ತದೆ. ಉದ್ದನೆಯ ರೈಲು ಬಿಗಿಯಾದ ತಿರುವು ಹತ್ತಿದಾಗ ಮುಂದಿನಿಂದ ಎಂಜಿನ್ ಎಳೆಯುತ್ತದೆ, ಹಿಂದಿನಿಂದ ಭಾರ ಜಗ್ಗುತ್ತದೆ. ಬಿಗಿದ ದಾರ ಸೆಟೆದು ನೇರವಾಗುವಂತೆ ರೈಲು ತಿರುವಿನ ಒಳಬದಿಗೆ ಸೆಳೆಯುತ್ತದೆ. ನಡುವೆ ಖಾಲಿ ಹಾಪರ್ ಇದ್ದರೆ ಒಳಕ್ಕೆ ಮಗುಚಿಬೀಳುತ್ತದೆ. ಹೀಗಾಗಿ ಭರ್ತಿ, ಖಾಲಿ ವ್ಯಾಗನ್‌ಗಳು ಬೆರೆತ ರೈಲಿನಲ್ಲಿ ಖಾಲಿಯವನ್ನು ಕೊನೆಗೆ ಜೋಡಿಸಲು ಹೇಳುತ್ತೇನೆ. ಹಿಂದಕ್ಕೆ ತಳ್ಳುವಾಗ ಲೆಕ್ಕ ಬೇರೆ. ಆಗ ಎಲ್ಲವೂ ಸಮತೂಕವಾಗಿದ್ದರೆ ಮಾತ್ರ ಗಾಲಿಗಳು ಹಳಿ ಕವಲೊಡೆಯುವ ಪಾಯಿಂಟ್ ದಾಟುತ್ತವೆ.

ಸರಕಿನ ರಾಶಿಯನ್ನು ತೆಗೆದಿಡುವಂತೆ ಮಾಡಿಸಿಕೊಳ್ಳಿ ಎಂದು ಪ್ರತಿಯೊಬ್ಬ ಗಿರಾಕಿಗೂ ಹೇಳುತ್ತೇನೆ. ಗಣಿಯಿಂದ ತುಂಬಿ ಹೋಗಬೇಕು, ಬಂದರಿನಿಂದ ಖಾಲಿ ಬರಬೇಕು. ಹಾಪರ್ ಲೇಔಟಿನ ಸೊಗಸೇ ಅದು. ಥರ್ಮೋಕೋಲ್ ತುಂಡನ್ನು ವ್ಯಾಗನ್ನಿನ ಒಳ ಅಳತೆಗೆ ಕೆತ್ತಿ, ಮೇಲ್ಮೈ ಕೆಳಗೆ ಕಬ್ಬಿಣದ ವಾಷರ್ ಒಂದನ್ನು ಹುದುಗಿಸಿ, ಕಪ್ಪು ಬಳಿದು, ಪುಡಿಮಾಡಿದ ನಿಜವಾದ ಕಲ್ಲಿದ್ದಲನ್ನು ಅಂಟಿಸುತ್ತೇವೆ. ಅಯಸ್ಕಾಂತ ತೋರಿಸಿದರೆ ರಾಶಿ ಸಲೀಸಾಗಿ ಮೇಲೇಳುತ್ತದೆ, ಬೆರಳು ತಾಗಿಸಬೇಕಿಲ್ಲ. ಮೂರು ಅಂಗುಲದ ಕಲ್ಲಿದ್ದಲು ಎಚ್‌ಓ ಪ್ರಮಾಣದಲ್ಲಿ ಒಂದು ಮಿಲಿಮೀಟರಿಗಿಂತ ಕಡಿಮೆ, ಆದ್ದರಿಂದ ಜರಡಿ ಹಿಡಿಯದೆ ಹಾಕಿದರೆ ಬಂಡೆ ತುಂಬಿದಂತೆ ಕಾಣುತ್ತದೆ. ರಾಶಿಯ ಆಕಾರಕ್ಕೂ ಕಾಲವಿದೆ. ಹಳೆಯ ಗಣಿಯ ಕಲ್ಲಿದ್ದಲು ಸುರಿಯುವ ಜಾರುಕೊಳವೆಯ ಕೆಳಗೆ ವ್ಯಾಗನ್ನನ್ನು ಸ್ವಲ್ಪ ಸ್ವಲ್ಪವೇ ಸರಿಸಿ ತುಂಬುತ್ತಿದ್ದುದರಿಂದ ಮೇಲೆ ಎರಡು ಮೂರು ಗುಡ್ಡೆ ಏಳುತ್ತಿದ್ದವು. ಇತ್ತೀಚಿನ ಗಣಿಗಳಲ್ಲಿ ರೈಲು ನಿಲ್ಲದೆ ನಿಧಾನವಾಗಿ ಚಲಿಸುತ್ತಿರುವಾಗಲೇ ತುಂಬುತ್ತಾರೆ. ರಾಶಿ ಉದ್ದಕ್ಕೂ ಒಂದೇ ಮಟ್ಟ.

ಯಾವ ರೈಲ್ವೆಯ ಹೆಸರಿನ ವ್ಯಾಗನ್ ಎಷ್ಟು ಎಂಬ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು. ಗಣಿಗೆ ವ್ಯಾಗನ್ ಒದಗಿಸುತ್ತಿದ್ದುದು ಆ ಗಣಿಗೆ ಹಳಿ ಹಾಕಿದ ರೈಲ್ವೆಯೇ, ಆದ್ದರಿಂದ ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲ್ವೆಯ ಲೇಔಟಿನಲ್ಲಿ ಹೆಚ್ಚಿನ ಕಲ್ಲಿದ್ದಲು ಹಾಪರ್‌ಗಳು ಅದರವೇ ಇರಬೇಕು. ಬಣ್ಣದ ವೈವಿಧ್ಯ ಬೇಕಿದ್ದರೆ ಮುಚ್ಚಿದ ಹಾಪರ್‌ಗಳಲ್ಲಿ ತೋರಿಸಬಹುದು. ಒಂದೇ ಹೆಸರಿನ ವ್ಯಾಗನ್‌ಗಳಿಗೂ ಸಂಖ್ಯೆ ಮಾತ್ರ ಬೇರೆ ಬೇರೆ ಇರಲೇಬೇಕು. ವ್ಯಾಗನ್ನನ್ನೇ ತಲೆಕೆಳಗು ಮಾಡಿ ಸುರಿಯುವ ಆಧುನಿಕ ಕಲ್ಲಿದ್ದಲು ರೈಲಾದರೆ ತಿರುಗುವ ಕಪ್ಲರ್ (ವ್ಯಾಗನ್‌ಗಳನ್ನು ಜೋಡಿಸುವ ಕೊಂಡಿ) ಇರುವ ತುದಿಗೆ ಬೇರೆ ಬಣ್ಣ ಬಳಿದಿರುತ್ತಾರೆ. ಆ ತುದಿಗಳೆಲ್ಲ ಒಂದೇ ದಿಕ್ಕಿಗೆ ಇರುವಂತೆ ಜೋಡಿಸಿ.

ದೊಡ್ಡ ಸಂಖ್ಯೆಯಲ್ಲಿ ತರಿಸುವ ಮೊದಲು ಒಂದೇ ಮಾದರಿಯ ಎರಡನ್ನು ಮಾತ್ರ ತರಿಸಿಕೊಳ್ಳಿ. ಅಳತೆಪಟ್ಟಿ ಹಿಡಿದು ಕಪ್ಲರಿನ ಎತ್ತರ ನೋಡಿ, ತಕ್ಕಡಿಯಲ್ಲಿ ಖಾಲಿಯಾಗಿಯೇ ತೂಗಿ, ನಿಮ್ಮ ಲೇಔಟಿನ ಅತ್ಯಂತ ಬಿಗಿ ತಿರುವಿನಲ್ಲಿ ಎಳೆಸಿ, ಪಾಯಿಂಟ್ ಮೂಲಕ ಹಿಂದಕ್ಕೆ ತಳ್ಳಿಸಿ. ಎರಡೂ ಹಳಿ ಬಿಡದೆ ದಾಟಿದರೆ ಉಳಿದವನ್ನು ಧೈರ್ಯವಾಗಿ ತರಿಸಬಹುದು.