ಮೀಟರ್‌ನ ಕೆಂಪು ಮಿಣುಕು ಎಣಿಸಿ ಮನೆ ಖರ್ಚು ಇಳಿಸುವ ಕೆಲಸ: ಎಲ್ಲಿಗೆ ಬಂತು?

ಈ ಬೇಸಿಗೆಯಲ್ಲಿ ಮೈಸೂರಿನ ನಮ್ಮ ಮನೆಯ ಕರೆಂಟ್ ಬಳಕೆ 200 ಯೂನಿಟ್ ದಾಟಿತು. ಗೃಹಜ್ಯೋತಿ ಇರುವ ಮನೆಯವರಿಗೆ ಈ 200 ಎಷ್ಟು ದೊಡ್ಡ ಗಡಿ ಅಂತ ಗೊತ್ತಲ್ವಾ? 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದೆವೋ, ಅದರ ಮೇಲೆ ಶೇಕಡಾ 10 ಸೇರಿಸಿ ಪ್ರತಿ ಮನೆಗೂ ಒಂದು ಮಿತಿ ಇಟ್ಟಿದ್ದಾರೆ. ನಮ್ಮ ಸರಾಸರಿ 142, ಮಿತಿ 156. (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇರುವ ಮನೆಗಳಿಗೆ ಶೇಕಡಾ 10ರ ಬದಲು 10 ಯೂನಿಟ್ ಸೇರಿಸುತ್ತಾರೆ.) ಮಿತಿಯೊಳಗಿದ್ದರೆ ಬಿಲ್ ಸೊನ್ನೆ. ಮಿತಿ ದಾಟಿ 200ರೊಳಗೆ ನಿಂತರೆ ಹೆಚ್ಚಾದ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ ನಾವೇ ಕಟ್ಟಬೇಕು. ಕೊನೆಯ ಎರಡು ಮೂರು ಯೂನಿಟ್‌ಗಾಗಿ ಸಾವಿರಕ್ಕೂ ಜಾಸ್ತಿ ರೂಪಾಯಿ ಹೋಗುತ್ತದೆ.

ಹಾಗಾಗಿ ಗುರಿ ಇಟ್ಟುಕೊಂಡೆ. ವರ್ಷವಿಡೀ 156ರ ಒಳಗಿರಬೇಕು. ಅತ್ತೆಗೆ ಬಿಸಿನೀರು ತಪ್ಪಬಾರದು, ಮಕ್ಕಳು ಸೆಕೆಯಲ್ಲಿ ಮಲಗಬಾರದು. ಯಾರಿಗೂ ಕಷ್ಟ ಕೊಟ್ಟು ಮಾಡುವ ಉಳಿತಾಯ ಹೆಚ್ಚು ದಿನ ನಡೆಯುವುದಿಲ್ಲ.

ಮೊದಲು ಅಳತೆ

"ಲೈಟ್ ಆರಿಸಿ, ಲೈಟ್ ಆರಿಸಿ" ಅಂತ ಎಲ್ಲ ಮನೆಗಳಲ್ಲೂ ಹೇಳುತ್ತಾರೆ. ನಮ್ಮ ಮನೆಯಲ್ಲೂ ಅದೇ. ಆದರೆ ಯಾವುದು ಎಷ್ಟು ಎಳೆಯುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅದನ್ನು ತಿಳಿಯಲು ಹೊಸ ಸಾಮಾನು ಏನೂ ಬೇಕಿಲ್ಲ, ಗೋಡೆಯ ಮೇಲಿನ ಮೀಟರ್ ಸಾಕು.

ಮೀಟರ್ ಮೇಲೆ ಒಂದು ಪುಟ್ಟ ಕೆಂಪು ದೀಪ ಮಿಣುಕುತ್ತಿರುತ್ತದೆ. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿಣುಕುತ್ತದೆ ಅನ್ನುವುದನ್ನು ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ. ನಮ್ಮದರಲ್ಲಿ 3200. ಕೆಲವು ಮೀಟರ್‌ಗಳಲ್ಲಿ 1600 ಅಥವಾ 6400 ಇರಬಹುದು, ನಿಮ್ಮದನ್ನು ನೋಡಿಕೊಳ್ಳಿ. ಮನೆಯ ಎಲ್ಲ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಒಂದೇ ಒಂದು ಸಾಮಾನು ಚಾಲೂ ಮಾಡಿ ಮಿಣುಕು ಎಣಿಸಬೇಕು. ಒಂದು ನಿಮಿಷದಲ್ಲಿ ಎಷ್ಟು ಬಂತೋ ಅದನ್ನು 60ರಿಂದ ಗುಣಿಸಿ 3200ರಿಂದ ಭಾಗಿಸಿದರೆ, ಆ ಸಾಮಾನು ಗಂಟೆಗೆ ಎಷ್ಟು ಯೂನಿಟ್ ತಿನ್ನುತ್ತದೆ ಅನ್ನುವುದು ಸಿಗುತ್ತದೆ. ಮೀಟರ್ ಮುಟ್ಟುವ ಅಗತ್ಯವೇ ಇಲ್ಲ, ನಿಂತು ನೋಡಿದರಾಯಿತು. ಮಗಳು ಎಣಿಸಿದಳು, ನಾನು ಬರೆದುಕೊಂಡೆ.

ಹಳೆಯ ಸೀಲಿಂಗ್ ಫ್ಯಾನ್ ಪೂರ್ತಿ ವೇಗದಲ್ಲಿ ನಿಮಿಷಕ್ಕೆ ನಾಲ್ಕು ಮಿಣುಕು. ಅಂದರೆ ಗಂಟೆಗೆ 0.075 ಯೂನಿಟ್, ಅದೇ 75 ವಾಟ್ (ಸಾವಿರ ವಾಟ್‌ನ ಸಾಮಾನು ಒಂದು ಗಂಟೆ ಓಡಿದರೆ ಒಂದು ಯೂನಿಟ್). 9 ವಾಟ್‌ನ ಎಲ್‌ಇಡಿ ಬಲ್ಬ್‌ಗೆ ಎರಡು ನಿಮಿಷಕ್ಕೆ ಒಂದು. ಗೀಸರ್ ಹಾಕಿದಾಗ ಎಣಿಸಲು ಆಗಲೇ ಇಲ್ಲ, ದೀಪ ನಡುಗಿದ ಹಾಗೆ ಕಾಣುತ್ತಿತ್ತು. 2000 ವಾಟ್ ಅಂದರೆ ನಿಮಿಷಕ್ಕೆ ನೂರಕ್ಕೂ ಮೇಲೆ. ಅರ್ಧ ಗಂಟೆಗೆ ಒಂದು ಯೂನಿಟ್ ಮುಗಿಯಿತು.

ಅತ್ತೆಗೆ ಅನುಮಾನ ಇದ್ದದ್ದು ಗ್ರೈಂಡರ್ ಮೇಲೆ. ದೋಸೆ ಹಿಟ್ಟು ರುಬ್ಬುವಾಗ ಅಷ್ಟು ಸದ್ದು ಮಾಡುತ್ತದೆ, ಕರೆಂಟ್ ಎಲ್ಲ ಅದೇ ನುಂಗುತ್ತದೆ ಅನ್ನುವುದು ಅವರ ನಂಬಿಕೆ. ಗ್ರೈಂಡರ್ 150 ವಾಟ್. ಮುಕ್ಕಾಲು ಗಂಟೆ ತಿರುಗಿದರೂ ಯೂನಿಟ್‌ನ ಹತ್ತನೇ ಒಂದು ಭಾಗ ಸ್ವಲ್ಪ ದಾಟುತ್ತದೆ, ಅಷ್ಟೇ. ಬಚ್ಚಲುಮನೆಯಲ್ಲಿ ಸುಮ್ಮನೆ ನೇತಾಡುವ ಗೀಸರ್ ಅಷ್ಟನ್ನು ಮೂರು ನಾಲ್ಕು ನಿಮಿಷದಲ್ಲಿ ಮುಗಿಸುತ್ತದೆ. ಈ ಇಡೀ ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡ ತಿಳಿವಳಿಕೆ ಇದೇ. ತಿರುಗುವ ಸಾಮಾನಿಗಿಂತ ಬಿಸಿ ಮಾಡುವ ಸಾಮಾನು ಎಷ್ಟೋ ಪಟ್ಟು ಜಾಸ್ತಿ ತಿನ್ನುತ್ತದೆ. ಆಮೇಲಿನ ಎಲ್ಲ ತೀರ್ಮಾನಗಳೂ ಇದರಿಂದಲೇ ಬಂದವು.

ಗೀಸರ್

ನಮ್ಮ ಮನೆಯಲ್ಲಿ ಬೆಳಿಗ್ಗೆ ಐದೂವರೆಗೆ ಗೀಸರ್ ಹಾಕಿದರೆ ಎಲ್ಲರ ಸ್ನಾನ ಮುಗಿಯುವುದು ಒಂಬತ್ತಕ್ಕೆ. ನಡುವೆ ನೀರು ಆರುತ್ತದೆ, ಮತ್ತೆ ಕಾಯುತ್ತದೆ. ಹಾಗಾದರೆ ಸ್ನಾನಕ್ಕೆ ನಿಜವಾಗಿ ಎಷ್ಟು ಬೇಕು? ಒಂದು ಬಕೆಟ್, ಅಂದರೆ 15 ಲೀಟರ್ ನೀರನ್ನು 24 ಡಿಗ್ರಿಯಿಂದ 40 ಡಿಗ್ರಿಗೆ ತರಲು 0.28 ಯೂನಿಟ್ ಸಾಕು. ನಾಲ್ಕು ಜನಕ್ಕೆ ದಿನಕ್ಕೆ ಒಂದು ಯೂನಿಟ್ ಚಿಲ್ಲರೆ. ನಾವು ಎರಡು ಯೂನಿಟ್ ಹತ್ತಿರ ಬಳಸುತ್ತಿದ್ದೆವು.

ಈಗ ಸ್ನಾನಗಳನ್ನು ಒಂದರ ಹಿಂದೆ ಒಂದು ಮುಗಿಸುತ್ತೇವೆ. ಗೀಸರ್‌ನ ಥರ್ಮೋಸ್ಟಾಟ್ 50 ಡಿಗ್ರಿಗೆ ಇಳಿಸಿದ್ದೇವೆ. 65 ಡಿಗ್ರಿಗೆ ಕಾಯಿಸಿ, ಆಮೇಲೆ ತಣ್ಣೀರು ಬೆರೆಸಿಕೊಳ್ಳುವುದರಲ್ಲಿ ಏನೂ ಲಾಭ ಇಲ್ಲ. ಟ್ಯಾಂಕ್ ಎಷ್ಟು ಬಿಸಿ ಇದ್ದರೆ ಅಷ್ಟು ಬೇಗ ಶಾಖ ಹೊರಗೆ ಹೋಗುತ್ತದೆ. ಅತ್ತೆಗೆ ಮೊದಲ ಸ್ನಾನ, ಅದಕ್ಕೆ ಅವರ ಒಪ್ಪಿಗೆಯೂ ಬೇಗ ಸಿಕ್ಕಿತು. ಭಾನುವಾರ ಎಣ್ಣೆ ಸ್ನಾನಕ್ಕೆ ಹಿತ್ತಲಿನ ಹಂಡೆ ಒಲೆಗೆ ತೆಂಗಿನ ಗರಿ, ಮಟ್ಟೆ ಹಾಕಿ ಕಾಯಿಸುತ್ತೇವೆ. ನಮ್ಮದೇ ಎರಡು ತೆಂಗಿನ ಮರದಿಂದ ಬೀಳುವುದು ಅದಕ್ಕೆ ಧಾರಾಳ. ಒಟ್ಟಿನಲ್ಲಿ ತಿಂಗಳಿಗೆ 24 ಯೂನಿಟ್ ಇಳಿಯಿತು. ಒಂದು ಪೈಸೆ ಖರ್ಚಿಲ್ಲದೆ.

ಫ್ಯಾನ್

ಫ್ಯಾನ್ ಬಿಸಿ ಮಾಡುವ ಸಾಮಾನಲ್ಲ, ಆದರೆ ಓಡುವ ಗಂಟೆಗಳು ಜಾಸ್ತಿ. 75 ವಾಟ್‌ನ ಫ್ಯಾನ್ ದಿನಕ್ಕೆ 14 ಗಂಟೆ ತಿರುಗಿದರೆ ತಿಂಗಳಿಗೆ 31 ಯೂನಿಟ್ ಮೇಲೆ. ನಮ್ಮಲ್ಲಿ ಅಂಥವು ಮೂರು. ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟಾರ್ ಇರುವುದು) ಅದೇ ಗಾಳಿಗೆ 30 ವಾಟ್ ಹತ್ತಿರ ತೆಗೆದುಕೊಳ್ಳುತ್ತದೆ. ಮೂರನ್ನೂ ಒಟ್ಟಿಗೆ ಬದಲಿಸುವ ಅಗತ್ಯ ಕಾಣಲಿಲ್ಲ. ಅತ್ತೆಯ ಕೋಣೆಯದು, ಹಾಲ್‌ನದು ಎರಡನ್ನು ಬದಲಿಸಿದೆವು. ಎರಡರಿಂದ ತಿಂಗಳಿಗೆ 38 ಯೂನಿಟ್ ಉಳಿಕೆ. ಹೊಸದಕ್ಕೆ ರಿಮೋಟ್ ಇರುತ್ತದೆ, ಗೋಡೆಯ ರೆಗ್ಯುಲೇಟರ್ ಮೂಲಕ ಸಂಪರ್ಕ ಕೊಡಬಾರದು. ಅದನ್ನು ತೆಗೆಸಿ ನೇರ ಸ್ವಿಚ್‌ಗೆ ಹಾಕಿಸಿ ಅಂತ ಎಲೆಕ್ಟ್ರಿಷಿಯನ್‌ಗೆ ಮೊದಲೇ ಹೇಳಿ.

ಉಳಿದ ಹಳೆಯ ಫ್ಯಾನ್‌ಗೆ ದಪ್ಪ ಡಬ್ಬಿಯ ಹಳೇ ರೆಗ್ಯುಲೇಟರ್ ಇತ್ತು. ವೇಗ ಕಡಿಮೆ ಮಾಡಿದರೆ ಅದು ಉಳಿದ ಕರೆಂಟನ್ನು ತಾನೇ ಬಿಸಿಯಾಗಿ ಕಳೆಯುತ್ತದೆ. ಅದರ ಜಾಗಕ್ಕೆ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿಸಿದೆವು.

ಚಿಕ್ಕಪುಟ್ಟವು

ಟಿವಿ ಆರಿಸಿದರೂ ಸೆಟ್ ಟಾಪ್ ಬಾಕ್ಸ್ ಎರಡು ನಿಮಿಷಕ್ಕೊಂದು ಮಿಣುಕು ಕೊಡುತ್ತಲೇ ಇತ್ತು. ಉರಿಯುತ್ತಿರುವ ಎಲ್‌ಇಡಿ ಬಲ್ಬ್‌ನಷ್ಟೇ! ಈಗ ಗೋಡೆಯ ಸ್ವಿಚ್‌ನಲ್ಲೇ ಆರಿಸುತ್ತೇವೆ, ತಿಂಗಳಿಗೆ ಐದು ಯೂನಿಟ್. ವಾಷಿಂಗ್ ಮಷಿನ್ ತಣ್ಣೀರಿನಲ್ಲಿ ಮಾತ್ರ. ಅದರಲ್ಲೂ ನೀರು ಕಾಯಿಸುವುದಕ್ಕೇ ಹೆಚ್ಚು ಹೋಗುವುದು, ಡ್ರಮ್ ತಿರುಗುವುದಕ್ಕಲ್ಲ. ಫ್ರಿಜ್ ಅನ್ನು ಗೋಡೆಯಿಂದ ಸ್ವಲ್ಪ ಮುಂದಕ್ಕೆ ಎಳೆದೆವು.

ಗ್ಯಾಸ್

ಬಿಸಿ ಮಾಡುವುದೇ ಖರ್ಚು ಅಂತ ತಿಳಿದ ಮೇಲೆ ಅಡುಗೆಮನೆ ಬಿಡಲು ಮನಸ್ಸಾಗಲಿಲ್ಲ. ಸಿಲಿಂಡರ್‌ನಲ್ಲಿ ಇರುವುದು 14.2 ಕೆಜಿ ಗ್ಯಾಸ್. ಖಾಲಿ ಸಿಲಿಂಡರ್‌ನ ತೂಕವನ್ನು ಅದರ ಮೇಲೇ ಬರೆದಿರುತ್ತಾರೆ. ಮನುಷ್ಯರ ತೂಕ ನೋಡುವ ಯಂತ್ರದ ಮೇಲೆ ಸಿಲಿಂಡರ್ ನಿಲ್ಲಿಸಿ, ಬರೆದಿರುವ ತೂಕ ಕಳೆದರೆ ಉಳಿದ ಗ್ಯಾಸ್ ಎಷ್ಟು ಅಂತ ಗೊತ್ತಾಗುತ್ತದೆ. ವಾರಕ್ಕೊಮ್ಮೆ, ಒಲೆ ಆರಿಸಿ, ರೆಗ್ಯುಲೇಟರ್ ತೆಗೆದು ತೂಗುತ್ತೇನೆ. ಹೊಸ ಸಿಲಿಂಡರ್ ಬಂದಾಗ ತಂದುಕೊಡುವವರ ಮುಂದೆಯೇ ತೂಕ ನೋಡುತ್ತೇನೆ. ಕೇಳಲು ಸಂಕೋಚ ಬೇಡ, ಅದು ನಮ್ಮ ಹಕ್ಕು.

ಶುರುವಿನಲ್ಲಿ ದಿನಕ್ಕೆ ಸುಮಾರು 400 ಗ್ರಾಂ ಹೋಗುತ್ತಿತ್ತು. ಈಗ 330ರ ಆಸುಪಾಸು. ಸಿಲಿಂಡರ್ ಒಂದು ವಾರ ಜಾಸ್ತಿ ಬರುತ್ತದೆ. ಹುರುಳಿ, ಕಡಲೆಕಾಳು ರಾತ್ರಿಯೇ ನೆನೆಯುತ್ತವೆ. ತೊಗರಿಬೇಳೆಗೂ ಅರ್ಧ ಗಂಟೆ ನೆನೆ ಕೊಡುತ್ತೇನೆ. ಅನ್ನ, ಬೇಳೆ, ತರಕಾರಿ ಮೂರೂ ಒಂದೇ ಕುಕ್ಕರ್‌ನಲ್ಲಿ, ಬೇರೆ ಬೇರೆ ಡಬ್ಬಿಯಲ್ಲಿ.

ಜಾಸ್ತಿ ಉಳಿದದ್ದು ಮಾತ್ರ ಉರಿ ಸಣ್ಣ ಮಾಡಿದ್ದರಿಂದ. ಆವಿ ತುಂಬಿದ ಮೇಲೆ ಕುಕ್ಕರ್ ಒಳಗೆ ಸುಮಾರು 120 ಡಿಗ್ರಿ ಇರುತ್ತದೆ. ಉರಿ ಜೋರು ಮಾಡಿದರೆ ಅದು ಏರುವುದಿಲ್ಲ, ವಿಶಲ್ ಬೇಗ ಬೇಗ ಕೂಗುತ್ತದೆ, ಅಷ್ಟೇ. ಕೂಗಿದಾಗ ಹೊರಗೆ ಹೋಗುವ ಆವಿ ನಮ್ಮ ದುಡ್ಡೇ ಅಲ್ವಾ? ಮೊದಲ ವಿಶಲ್ ಆದ ಕೂಡಲೇ ಸಿಮ್‌ಗೆ ಇಳಿಸಿ ಗಡಿಯಾರ ನೋಡಿಕೊಳ್ಳುತ್ತೇನೆ. ಹುಳಿಯ ಬೇಳೆ ಹಾಗೇ ನುಣ್ಣಗೆ ಬೇಯುತ್ತದೆ.

ಇಂಡಕ್ಷನ್ ಒಲೆಯ ಲೆಕ್ಕವನ್ನೂ ಹಾಕಿದೆ. ಒಂದು ಸಿಲಿಂಡರ್‌ನಿಂದ ಪಾತ್ರೆಗೆ ತಲುಪುವ ಶಾಖಕ್ಕೆ ಇಂಡಕ್ಷನ್‌ನಲ್ಲಿ ಸುಮಾರು 140 ಯೂನಿಟ್ ಬೇಕು. ಪೂರ್ತಿ ಅಡುಗೆಯನ್ನು ಅದಕ್ಕೆ ತಿರುಗಿಸಿದರೆ ನಮ್ಮ 156ರ ಗುರಿ ಮುರಿದು ಬೀಳುತ್ತದೆ. ಮಿತಿಯೊಳಗೆ ಹತ್ತು ಯೂನಿಟ್ ಮಿಕ್ಕಿದ ತಿಂಗಳು ಹಾಲು, ಕಾಫಿಗೆ ಬಳಸಬಹುದಲ್ಲ ಅಂತ ಮನೆಯವರು ಹೇಳಿದರು. ನನಗೆ ಅದು ಸರಿ ಕಾಣಲಿಲ್ಲ. ಬಿಲ್ ಸೊನ್ನೆ ಅಂದ ಮಾತ್ರಕ್ಕೆ ಆ ಕರೆಂಟ್‌ಗೆ ಬೆಲೆ ಇಲ್ಲ ಅಂತಲ್ಲ, ಸರ್ಕಾರ ನಮ್ಮೆಲ್ಲರ ತೆರಿಗೆಯಿಂದಲೇ ಅದನ್ನು ಕಟ್ಟುತ್ತದೆ. ಮಿಕ್ಕಿದ್ದು ಮಿಕ್ಕಲಿ ಅಂತ ಬಿಟ್ಟಿದ್ದೇವೆ.

ಈಗ ಎಲ್ಲಿದ್ದೇವೆ

ಬೇಸಿಗೆಯಲ್ಲಿ 215ಕ್ಕೆ ಹೋಗಿದ್ದು ಈಗ 148. ಮಳೆ ಶುರುವಾಗಿ ಫ್ಯಾನ್ ಕಡಿಮೆ ಓಡಿದ್ದೂ ಇದರಲ್ಲಿ ಸೇರಿದೆ. ಹಾಗಾಗಿ ನಿಜವಾದ ಪರೀಕ್ಷೆ ಬರುವ ಏಪ್ರಿಲ್‌ನಲ್ಲಿ. ಬಿಲ್ ಬಂದ ದಿನದಿಂದ ಪ್ರತಿ ಬೆಳಿಗ್ಗೆ ಮೀಟರ್ ಓದಿ ಕ್ಯಾಲೆಂಡರ್‌ನಲ್ಲಿ ಬರೆಯುತ್ತಿದ್ದೇನೆ. 156ಕ್ಕೆ ದಿನದ ಪಾಲು ಐದು ಯೂನಿಟ್ ಸ್ವಲ್ಪ ಮೇಲೆ. ಯಾವತ್ತಾದರೂ ಆರು ದಾಟಿದರೆ ಅವತ್ತೇ ಕಾರಣ ಹುಡುಕಬಹುದು. ಹೋದ ವಾರ ದಾಟಿದ್ದು ನೆಂಟರು ಬಂದದ್ದಕ್ಕೆ, ಅದಕ್ಕೆ ಚಿಂತೆ ಇಲ್ಲ.

ಮುಂದಿನದು ಮಾಳಿಗೆ ಮೇಲೆ 100 ಲೀಟರ್‌ನ ಸೋಲಾರ್ ವಾಟರ್ ಹೀಟರ್. ನಮಗೆ ಕಾವೇರಿ ನೀರಿನ ಜೊತೆ ಬೋರ್ ನೀರೂ ಸೇರುತ್ತದೆ. ಗಡಸು ನೀರಾದರೆ ತಾಮ್ರದ ಕೊಳವೆಗಳ ಒಳಗೆ ಸುಣ್ಣ ಕಟ್ಟಿಕೊಳ್ಳುತ್ತದೆ, ಅದಕ್ಕೆ ಗಾಜಿನ ಟ್ಯೂಬ್‌ನ ಮಾದರಿ ನೋಡುತ್ತಿದ್ದೇನೆ. ಆಷಾಢ, ಶ್ರಾವಣದ ಮೋಡದ ದಿನಗಳಿಗೆ ಗೀಸರ್ ಹಾಗೇ ಇರಲಿ. ಸೋಲಾರ್‌ನಿಂದ ತಿಂಗಳಿಗೆ ಉಳಿಯುವುದು ಹೆಚ್ಚೆಂದರೆ 36 ಯೂನಿಟ್. ಅಷ್ಟಕ್ಕೆ ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬರುತ್ತದೆ ಅಂತ ಲೆಕ್ಕ ಹಾಕುತ್ತಿದ್ದೇನೆ. ದರ ಕೇಳಿಕೊಂಡು ಬಂದ ಮೇಲೆ ಅದನ್ನು ಪೂರ್ತಿ ಬರೆಯುತ್ತೇನೆ.